ಎರಡನೆಯ ಮಹದೇವಮ್ಮ

ಹಡಗಿನ ಪಟ್ಟಿಯಿಂದ ನಿಮ್ಮ ಹೆಸರನ್ನು ಹೊಡೆಸಿ ಹಾಕಿದವಳು ನಾನು, ಬೀಗಿತ್ತಿ. ಏಜೆಂಟ್ ವಾಸು ಅಲ್ಲ. ಅವನು ಕೇಳಿದ, ನಾನು ಹೊಡೆದು ಹಾಕು ಅಂದೆ — ಗೊತ್ತಿದ್ದೇ ಅಂದೆ.

ಏಳು ವರ್ಷ ಇದನ್ನು ಒಳಗೇ ಇಟ್ಟುಕೊಂಡೆ. ನೀವೇನು ಅಂದುಕೊಳ್ಳುತ್ತೀರೋ ಎಂಬ ಹೆದರಿಕೆಯಿಂದಲ್ಲ. ನೀವು ಬೈಯುವವರಲ್ಲ, ಅದು ನನಗೆ ಗೊತ್ತು. ನನಗಿದ್ದ ಹೆದರಿಕೆ ಸವಿಯದು. ನಮ್ಮಿಬ್ಬರಿಗೂ ಇರುವ ಮೊಮ್ಮಗಳು ಅವಳೊಬ್ಬಳೇ. ಈಗ ಹನ್ನೆರಡು ತುಂಬಿ ನನ್ನ ಹೆಗಲಿಗೆ ಬಂದಿದ್ದಾಳೆ. ರಜೆಯಲ್ಲಿ ಚಾಮರಾಜನಗರದ ಬಸ್ಸಿಳಿದು ನನ್ನ ಬಾಗಿಲಿಗೆ ಬಂದು "ಅಜ್ಜಿ, ಹೊಟ್ಟೆ ಹಸೀತದೆ" ಅಂದರೆ ಸಾಕು, ಒಲೆ ಹಚ್ಚಲು ಓಡುವಷ್ಟು ಹಿಗ್ಗು ನನಗೆ. ಆ ಮಗು ನನ್ನನ್ನು ಬೇರೆ ಥರ ನೋಡಿಬಿಟ್ಟರೆ — ಆ ಒಂದೇ ಭಯಕ್ಕೆ ಬಾಯಿ ಮುಚ್ಚಿಕೊಂಡಿದ್ದೆ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಾಲ್ಕನೇ ಕ್ಲಾಸು ಓದಿದವಳು ನಾನು, ಹಿಂದುಮುಂದಾದರೆ ತಿದ್ದಿಕೊಳ್ಳಿ.

ನನ್ನ ಮಗ ಶಿವಸ್ವಾಮಿಗೆ ಆ ವರ್ಷ ಬ್ಯಾಂಕಿನಲ್ಲಿ ಪ್ರವಾಸದ ರಜೆ ಸಿಕ್ಕಿತ್ತು. ಜೊತೆಯ ಗುಮಾಸ್ತರೆಲ್ಲ ಊಟಿ, ತಿರುಪತಿ ಅನ್ನುವಾಗ ಇವನು ಹಡಗು ಅಂದ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗಿ ಬರುವ ಹಡಗು, ಐದು ದಿನ ನೀರಿನ ಮೇಲೆ. ಅವನು, ನಿಮ್ಮ ಮಗಳು ರತ್ನ, ಸವಿ, ನಾನು, ನೀವು. ಕೇರಳದ ಕಡೆಯದೆಲ್ಲ ನಾನಿರುವ ಗುಂಡ್ಲುಪೇಟೆಯಲ್ಲೇ ಗೊತ್ತಾಗುವುದೆಂದು ಏಜೆಂಟನನ್ನು ಹುಡುಕುವ ಕೆಲಸ ನನಗೆ ಬಂತು.

"ಒಳ್ಳೆಯವನ್ನ ನೋಡವ್ವ," ಅಂದ ಮಗ. "ಬಾಯಿ ಜೋರಿರೋನ ಹಿಡ್ಕಂಡು ಬರಬ್ಯಾಡ."

ನಾಲ್ಕು ಅಂಗಡಿ ಹತ್ತಿಳಿದೆ. ಬಸ್‌ಸ್ಟ್ಯಾಂಡಿನ ಎದುರಿನವನು, "ಹಡಗಾ? ಬಸ್ಸಲ್ಲೋಗಕೆ ಏನಮ್ಮ ದಾಡಿ ನಿಮ್ಗೆ? ಧರ್ಮಸ್ಥಳಕ್ಕೆ ಆಕ್ಕೊಡ್ತೀನಿ, ಊಟ ಪುಕ್ಕಟೆ," ಅಂದ. ಇನ್ನೊಬ್ಬ, ಕಬಿನಿ ಹಿನ್ನೀರಲ್ಲಿ ದೋಣಿ ಇದೆ, ಅದೂ ಹಡಗೇ ಅಂದ. ಕೊನೆಗೆ ಈರುಳ್ಳಿ ಮಂಡಿಯ ಲಾರಿಯವರು ವಾಸುವಿನ ಅಂಗಡಿ ತೋರಿಸಿದರು. ಅವನ ಅಪ್ಪ ಕೇರಳದ ಬತ್ತೇರಿಯಿಂದ ಬಂದು ಇಲ್ಲೇ ನಿಂತವನು, ವಾಸು ಹುಟ್ಟಿ ಬೆಳೆದದ್ದು ನಮ್ಮ ಊರಲ್ಲೇ. ಒಂದು ಮೇಜು, ಒಂದು ಬೆಂಚು, ಗೋಡೆಯಲ್ಲಿ ಕ್ಯಾಲೆಂಡರು. ನಾನು ಕೇಳಿದ್ದಕ್ಕೆ ಅವನು, "ನಾನಿದುವರ್ಗೂ ಹಡ್ಗಿಗೆ ಯಾರ್‍ನೂ ಕಳ್ಸಿಲ್ಲ ಅಮ್ಮ. ಗೊತ್ತಿಲ್ಲ. ಕೇಳ್ಬುಟ್ಟು ಏಳ್ತೀನಿ, ಮೂರು ದಿನ ಕೊಡಿ," ಅಂದ. ಗೊತ್ತಿಲ್ಲ ಅಂದ ಏಜೆಂಟ್ ಅವನೊಬ್ಬನೇ. ಅದಕ್ಕೇ ಒಪ್ಪಿಕೊಂಡೆ.

ಮೂರನೇ ದಿನ ಎಲ್ಲ ಕೇಳಿಟ್ಟುಕೊಂಡಿದ್ದ. ಮಳೆಗಾಲದಲ್ಲಿ ಬೇಡ, ಸಂಕ್ರಾಂತಿ ಕಳೆದ ಮೇಲೆ ಹೋಗಿ ಅಂದ. ದ್ವೀಪಕ್ಕೆ ಸರ್ಕಾರದ ಅಪ್ಪಣೆ ಬೇಕು, ಒಬ್ಬೊಬ್ಬರ ಹೆಸರು, ವಯಸ್ಸು ಮೊದಲೇ ಕಳಿಸಬೇಕು. ಪಟ್ಟಿಯಲ್ಲಿ ಹೆಸರಿಲ್ಲದವರನ್ನು ಹಡಗು ಹತ್ತಿಸುವುದಿಲ್ಲ, ಟಿಕೆಟು ಕೊಚ್ಚಿಯ ಬಂದರಿನಲ್ಲೇ ಕೊಳ್ಳುವುದು. ಇದನ್ನು ಅವನು ಎರಡು ಸಲ ಹೇಳಿದ. ನನಗೆ ಚೆನ್ನಾಗಿ ಅರ್ಥವಾಗಿತ್ತು — ಆ ಮಾತನ್ನು ಇಲ್ಲಿ ಬರೆದೇ ತೀರಬೇಕು.

ಆ ಭಾನುವಾರ ಶಿವಸ್ವಾಮಿ ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಟ್ಟು ಹೋದ. ಸವಿ ಆಗ ಐದು ವರ್ಷದವಳು. ಅವಳಿಗೆಂದು ಒಬ್ಬಟ್ಟು ಮಾಡಿದ್ದೆ, ಹೊಸ ಲಂಗ ಹೊಲಿಸಿಟ್ಟಿದ್ದೆ. ಅವಳು ಒಬ್ಬಟ್ಟಿನ ಅಂಚು ಕಡಿಯುತ್ತಾ ಹೇಳಿದಳು, "ಹಡ್ಗಲ್ಲಿ ನಾನು ಪುಣಜನೂರಜ್ಜಿ ಪಕ್ಕ ಮಲೀಕತೀನಿ."

"ನಾನೂ ಬತ್ತೀನಲ್ಲಮ್ಮಿ," ಅಂದೆ.

"ನೀನು ಆ ಕಡೆ ಮಲೀಕೋ. ಪುಣಜನೂರಜ್ಜಿಗೆ ಆನೆ ಕತೆ ಬತ್ತದೆ. ನಿಂಗೆ ಬರಲ್ಲ."

ಅಷ್ಟೇ. ಐದು ವರ್ಷದ ಕೂಸಿನ ಮಾತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ದಿನವೆಲ್ಲ — ಹೇಗೆ ಹೇಳಲಿ. ನೀವು ಕೂಲಿಗೆ ಹೋಗುವವರು, ಕಾಡಂಚಿನಲ್ಲಿ ಆನೆ ಬರುವ ಊರಿನವರು, ಆ ಮಗುವಿಗೆ ಕೊಡಲು ನಿಮ್ಮಲ್ಲಿ ಹುಣಸೆಹಣ್ಣು ಬಿಟ್ಟರೆ ಏನಿತ್ತು. ಆದರೂ ಅವಳು ಓಡಿ ಹೋಗುವುದು ನಿಮ್ಮ ಸೆರಗಿಗೆ. ನನ್ನ ಒಬ್ಬಟ್ಟು, ನನ್ನ ಲಂಗ, ನನ್ನ ಹಿಗ್ಗು — ಎಲ್ಲ ತೆಗೆದುಕೊಂಡು ನಿಮ್ಮ ಹತ್ತಿರ ಹೋಗುತ್ತಿದ್ದಳು.

ಮಾರನೇ ದಿನ ಚೀಟಿ ಹಿಡಿದು ವಾಸುವಿನ ಅಂಗಡಿಗೆ ಹೋದೆ. ಅವನು ಇಂಗ್ಲಿಷಿನ ಅರ್ಜಿಗೆ ಒಂದೊಂದೇ ಹೆಸರು ಇಳಿಸಿಕೊಳ್ಳುತ್ತಿದ್ದ. ನಾಲ್ಕನೆಯದು ಬರೆದು ಪೆನ್ನು ನಿಲ್ಲಿಸಿದ.

"ಅಮ್ಮ, ನಿಮ್ಮಗ ನಿಮ್ಮೆಸ್ರ ಎರಡು ಸಲ ಬರ್ದವ್ರೆ. ಮಹದೇವಮ್ಮ ಐವತ್ತೆಂಟು, ಮಹದೇವಮ್ಮ ಐವತ್ತೈದು. ನಿಮ್ ವಯಸ್ಸು ಯಾವ್ದು?"

ನಮ್ಮ ಕಡೆ ಮಲೆ ಮಾದಪ್ಪನ ಹೆಸರಿಡದ ಮನೆ ಇಲ್ಲ. ಬೀದಿಗೆ ಹತ್ತು ಮಹದೇವಮ್ಮ. ಮದುವೆ ಮಾತಿಗೆ ಬಂದಾಗ ಬೀಗಿತ್ತಿಯರಿಬ್ಬರದೂ ಒಂದೇ ಹೆಸರೆಂದು ಎಷ್ಟು ನಗಾಡಿದ್ದೆವು ನಾವು. "ಇನ್ನೊಬ್ಳು ನಮ್ ಬೀಗಿತ್ತಿ ಕಣಪ್ಪ" ಅಂದರೆ ಮುಗಿಯುತ್ತಿತ್ತು. ನಾಲಗೆಯ ಮೇಲೇ ಇತ್ತು. ಅವನು ತಲೆಯೆತ್ತಿ ಕಾಯುತ್ತಿದ್ದ. ನಾನು ಹೇಳಿದೆ:

"ಐವತ್ತೆಂಟು. ಇನ್ನೊಂದ ಒಡ್ದಾಕು."

"ಇಬ್ರಲ್ಲ ತಾನೆ?"

"ಒಬ್ಳೇ."

ಅವನು ಸ್ಕೇಲಿಟ್ಟು ಚೀಟಿಯಲ್ಲಿದ್ದ ನಿಮ್ಮ ಹೆಸರಿನ ಮೇಲೆ ಗೆರೆ ಎಳೆದ.

ಆಮೇಲಾದರೂ ತಿದ್ದಬಹುದಿತ್ತು. ಅಪ್ಪಣೆ ಬರಲು ಒಂದು ತಿಂಗಳು ಹಿಡಿಯಿತು. ದಿನಾ ಆ ಅಂಗಡಿಯ ಮುಂದೆಯೇ ಮಾರುಕಟ್ಟೆಗೆ ಹೋಗುತ್ತಿದ್ದೆ. ಕಾಗದ ಬಂದಾಗ ವಾಸು ನನ್ನ ಕೈಗೇ ಕೊಟ್ಟ, ನಾನು ಅದನ್ನು ಬ್ಯಾಗಿನ ಒಳಜೇಬಿಗೆ ಸೇರಿಸಿದೆ. ಶಿವಸ್ವಾಮಿ ಕೇಳಿದ್ದಕ್ಕೆ, "ನೀನು ಕಳ್ದುಬುಡ್ತೀಯೆ, ಅಲ್ಲೋಗಿ ಕೊಡ್ತೀನಿ ಬುಡು," ಅಂದೆ. ನನ್ನ ಜೋಪಾನ ನೋಡಿ ಅವನು ನಕ್ಕ.

ಹೊರಟ ದಿನ ನೆನಪಿದೆಯಾ ನಿಮಗೆ. ಗುಂಡ್ಲುಪೇಟೆಯಾಚೆಯ ಮದ್ದೂರಿನ ಕಾಡು ದಾಟುವವರೆಗೂ ಸವಿಯನ್ನು ತೊಡೆಯ ಮೇಲಿಟ್ಟುಕೊಂಡು ಯಾವ ಮರದ ಹಿಂದೆ ಆನೆ ನಿಂತಿರುತ್ತದೆ ಎಂದು ತೋರಿಸುತ್ತಿದ್ದಿರಿ. ಘಟ್ಟ ಇಳಿಯುವಾಗ ನನಗೆ ವಾಂತಿ ಬಂತು. ಮಗುವನ್ನು ರತ್ನನಿಗೆ ಕೊಟ್ಟು ನನ್ನ ತಲೆ ಹಿಡಿದುಕೊಂಡಿರಿ, ನಿಮ್ಮ ಸೆರಗಿನಲ್ಲೇ ನನ್ನ ಬಾಯಿ ಒರೆಸಿದಿರಿ, ಒಂದು ಚೂರು ಹುಣಸೆಹಣ್ಣು ನಾಲಗೆಗಿಟ್ಟಿರಿ. ಹೊಸ ಸೀರೆ ಅದು, ಹಡಗಿಗೆಂದು ಉಟ್ಟದ್ದು. ಆಗಲೂ ಆ ಕಾಗದವಿದ್ದ ಬ್ಯಾಗು ನನ್ನ ಕಂಕುಳಲ್ಲಿತ್ತು. ಆಗಲೂ ನಾನು ಬಾಯಿ ಬಿಡಲಿಲ್ಲ.

ಬಂದರಿನಲ್ಲಿ ಆದದ್ದು ನಿಮಗೇ ಗೊತ್ತು. ಗೇಟಿನವನು ನಾಲ್ಕು ಹೆಸರು ಓದಿದ. ಮಹದೇವಮ್ಮ ಅಂದಾಗ ನಾವಿಬ್ಬರೂ ಒಟ್ಟಿಗೆ ಹೆಜ್ಜೆ ಮುಂದಿಟ್ಟೆವು. ಒಬ್ಬರೇ, ಐವತ್ತೆಂಟರವರು ಅಂದ ಅವನು. ಶಿವಸ್ವಾಮಿ ಆ ಕಿಟಕಿಗೂ ಈ ಕಿಟಕಿಗೂ ಓಡಾಡಿದ, ರತ್ನ ಅಳುತ್ತಾ ಯಾರೂ ಹೋಗುವುದೇ ಬೇಡ ಅಂದಳು. ನೀವು ಬಿಡಲಿಲ್ಲ.

"ನಂಗೋಸ್ಕರ ಮಗಿನ ಆಸೆ ಮುರೀಬ್ಯಾಡಿ. ದೂರದಿಂದ ಕಂಡ್ನಲ್ಲ, ಸಾಕು. ಎಷ್ಟು ನೀರಪ್ಪ ಅದು," ಅಂದಿರಿ. ಆಮೇಲೆ ನನ್ನ ಕಡೆ ತಿರುಗಿ, "ಇರೋದೊಂದೆಸ್ರಲ್ವ ಬೀಗಿತೇರೇ, ನೀವು ನೋಡುದ್ರೆ ನಾನೂ ನೋಡ್ದಂಗೇಯ," ಎಂದು ನಕ್ಕಿರಿ.

ಆ ನಗುವಿಗೆ ನಾನೂ ನಕ್ಕೆ, ಬೀಗಿತ್ತಿ.

ಕೊಚ್ಚಿಯ ಮಾರುಕಟ್ಟೆಗೆ ತರಕಾರಿ ತಂದಿದ್ದ ಗುರುತಿನವರ ಲಾರಿ ಸಿಕ್ಕಿತು. ಖಾಲಿ ಬುಟ್ಟಿಗಳ ಜೊತೆ ನಿಮ್ಮನ್ನು ಗುಂಡ್ಲುಪೇಟೆಗೆ ಹತ್ತಿಸಿ ಬಂದ ಮಗ ಆ ಸಂಜೆ ಊಟ ಮಾಡಲಿಲ್ಲ.

ಹಡಗಿನಲ್ಲಿ ಸವಿ ಮೊದಲ ದಿನ ನನ್ನ ಹತ್ತಿರ ಸುಳಿಯಲಿಲ್ಲ, ಪುಣಜನೂರಜ್ಜಿ ಎಲ್ಲಿ ಎಂದು ಹಟ ಹಿಡಿದಿದ್ದಳು. ಎರಡನೇ ದಿನ ಮಧ್ಯಾಹ್ನ ನೀರಿನಿಂದ ಮೀನುಗಳು ಹಾರುವುದನ್ನು ನೋಡುತ್ತಾ ನೋಡುತ್ತಾ ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಅವಳ ಬೆವರಿದ ಹಣೆ, ಬಾಯಿಯ ಪಕ್ಕ ಅಂಟಿದ ಬಿಸ್ಕತ್ತಿನ ಪುಡಿ — ನನಗೆ ಆಕಾಶ ಸಿಕ್ಕಿದ ಹಾಗಿತ್ತು. ನಾನು ಹೇಳಬೇಕಾದದ್ದು ಇದು: ಆಗ ನನಗೆ ಸಂತೋಷವಾಯಿತು. ನಿಮ್ಮ ನೆನಪೇ ಬರಲಿಲ್ಲ ಎಂದಲ್ಲ — ನಿಮ್ಮ ನೆನಪು ಬಂದ ಮೇಲೂ ಸಂತೋಷವಾಯಿತು. ಹೆಸರು ಹೊಡೆಸಿದ್ದಕ್ಕಿಂತ ಹೆಚ್ಚಾಗಿ ನನಗೆ ನಾಚಿಕೆ ತರುವುದು ಅದೇ.

ಊರಿಗೆ ಬಂದ ಮಾರನೇ ದಿನ ಶಿವಸ್ವಾಮಿ ನನ್ನನ್ನೂ ಕರೆದುಕೊಂಡು ವಾಸುವಿನ ಅಂಗಡಿಗೆ ನುಗ್ಗಿದ. ಬೆಂಚಿನ ಮೇಲೆ ಮದುವೆ ಬಸ್ಸು ಕೇಳಲು ಬಂದವರು ಕೂತಿದ್ದರು.

"ಒಂದೆಸ್ರು ನೆಟ್ಟಗೆ ಬರ್‍ಯಕ್ಕೆ ಆಗ್ದಿದ್ ಮೇಲೆ ಅಂಗ್ಡಿ ಯಾಕ್ಲಾ ಇಟ್ಟೀಯೆ? ಮುದುಕೀನ ಲಾರೀಲಿ ಕಳ್ಸಂಗ್ ಮಾಡ್ಬುಟ್ಟೆ."

ವಾಸು ಎದ್ದು ನಿಂತ. "ಸ್ವಾಮಣ್ಣ, ಅಮ್ಮನ್ನ ಕೇಳ್ಬುಟ್ಟೇ ಒಡ್ದಾಕಿದ್ದು. ಎರಡು ಸಲ ಕೇಳ್ದೆ."

ಮಗ ನನ್ನ ಕಡೆ ತಿರುಗಿದ. "ಕೇಳಿದ್ನಾ ಅವ್ವ?"

"ಇಲ್ಲ ಕಣ್ಲಾ," ಅಂದೆ. "ಇಂಗ್ಲೀಸಲ್ಲಿ ಅದೇನೇನೋ ಬರ್ಕತಿದ್ದ. ನಂಗೇನು ತಿಳೀತದೆ."

ವಾಸು ನನ್ನ ಮುಖ ನೋಡಿದ. ಬೈಯಲಿಲ್ಲ, ಆಣೆ ಮಾಡಲಿಲ್ಲ. ಕುರ್ಚಿ ಎಳೆದು ಕೂತು, "ಆಗ್ಲಿ, ನಂದೇ ತಪ್ಪು ಅನ್ಕಳಿ," ಅಂದ. ಬೆಂಚಿನವರು ಒಬ್ಬೊಬ್ಬರಾಗಿ ಎದ್ದು ಹೋದರು. ಹೆಸರು ಬಿಡುವ ಏಜೆಂಟ್ ಎಂದು ಊರಲ್ಲಿ ಹರಡಲು ತಡವಾಗಲಿಲ್ಲ, ಅದನ್ನು ಹರಡಿದವರಲ್ಲಿ ನನ್ನ ಮಗನೂ ಒಬ್ಬ. ಮದುವೆಯವರು ಬಿಟ್ಟರು, ಶಬರಿಮಲೆಯವರು ಬಿಟ್ಟರು. ಎರಡು ವರ್ಷಕ್ಕೆ ಅಂಗಡಿ ಮುಚ್ಚಿ, ಧರ್ಮಸ್ಥಳಕ್ಕೆ ಹಾಕಿಕೊಡುತ್ತೇನೆ ಅಂದಿದ್ದನಲ್ಲ, ಅವನ ಅಂಗಡಿಯಲ್ಲೇ ಈಗ ಸೀಟು ಬರೆಯುತ್ತಾನೆ. ನನ್ನನ್ನು ಕಂಡರೆ ಇವತ್ತಿಗೂ "ಚೆನ್ನಾಗಿದ್ದೀರಾ ಅಮ್ಮ" ಅನ್ನುತ್ತಾನೆ. ನಾನು ಎಂದಾದರೂ ಹೇಳುತ್ತೇನೆಂದು ಕಾಯುತ್ತಿರುತ್ತಾನೋ ಏನೋ — ನಾನು ತಲೆಯಾಡಿಸಿ ಮುಂದೆ ಹೋಗುತ್ತೇನೆ.

ಈ ಬೇಸಿಗೆಯಲ್ಲಿ ಮತ್ತೆ ಹಡಗಿನ ಮಾತೆದ್ದಿದೆ. ಸವಿಯೇ ಎಬ್ಬಿಸಿದ್ದು, ಇಬ್ಬರು ಅಜ್ಜಿಯರೂ ಬರಬೇಕಂತೆ. "ಈ ಸಲ ಮೈಸೂರಲ್ಲೇ ಒಳ್ಳೆ ಏಜೆಂಟ್ ಹುಡುಕ್ತೀನಿ, ಆ ವಾಸು ಅಂಥೋನಲ್ಲ," ಅಂದ ಶಿವಸ್ವಾಮಿ. ನೀವು ಬರುವುದಿಲ್ಲ ಎಂದು ಹೇಳಿ ಕಳಿಸಿದಿರಂತೆ. "ನನ್ನೆಸ್ರು ಪಟ್ಟೀಲಿ ನಿಲ್ಲಾಕಿಲ್ಲ, ಅಲ್ಲೋಗಿ ಮಕ್ಳ ಮುಂದೆ ಇನ್ನೊಂದ್ಸಲ ನಗೆಪಾಟ್ಲು ಯಾಕೆ" ಅಂದಿರಂತೆ. ನಿಮ್ಮ ಹೆಸರಲ್ಲೇ ಏನೋ ಕುಂದಿದೆ ಎಂದು ನೀವು ಏಳು ವರ್ಷ ನಂಬಿಕೊಂಡು ಕೂತಿದ್ದೀರಿ ಎಂದು ನನಗೆ ಗೊತ್ತಿರಲಿಲ್ಲ. ಅದನ್ನು ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ನೇರ ಬಂದು ಹೇಳೋಣವೆಂದು ಎರಡು ಸಲ ಪುಣಜನೂರಿಗೆ ಬಂದೆ. ಎರಡು ಸಲವೂ ನಿಮ್ಮ ಮನೆಯ ಮಜ್ಜಿಗೆ ಕುಡಿದು ವಾಪಸು ಬಂದೆ. ಬಾಯಿಗಿಂತ ಕೈಗೆ ಧೈರ್ಯ ಹೆಚ್ಚು ಎಂದು ಕಂಡಿತು, ಬರೆಯಲು ಕೂತೆ. ಅರ್ಧ ಬರೆದ ಮೇಲೆ ಹೊಳೆಯಿತು — ನಿಮಗೆ ಓದು ಬರುವುದಿಲ್ಲ. ನಿಮ್ಮ ಕಾಗದಗಳನ್ನೆಲ್ಲ ಓದಿ ಹೇಳುವವಳು ಸವಿ. ಇದು ನಿಮಗೆ ಮುಟ್ಟಬೇಕಾದರೆ ಅವಳ ಬಾಯಿಂದಲೇ ಬರಬೇಕು. ಒಂದು ದಿನ ಪೂರ್ತಿ ಈ ಹಾಳೆಗಳನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟೆ. ಬೇರೆ ಯಾರಿಂದಲಾದರೂ ಓದಿಸಬಹುದಿತ್ತು — ನಿಮ್ಮ ಊರಿನ ಮೇಷ್ಟ್ರಿದ್ದಾರೆ, ಪೋಸ್ಟಿನವನಿದ್ದಾನೆ. ಹಾಗೆ ಮಾಡಿದರೆ ಮತ್ತೆ ಅದೇ ಆಗುತ್ತದೆ, ಸವಿಗೆ ಗೊತ್ತಾಗಬಾರದೆಂದು ಮುಚ್ಚಿಟ್ಟ ಹಾಗೆ.

ನಾಳೆ ಬೆಳಿಗ್ಗೆ ಸವಿ ಈ ಕಾಗದ ಹಿಡಿದು ಅವಳ ಅಮ್ಮನ ಜೊತೆ ನಿಮ್ಮಲ್ಲಿಗೆ ಹೊರಡುತ್ತಾಳೆ. ಅವರನ್ನು ಬಸ್ಸು ಹತ್ತಿಸಿದ ಮೇಲೆ ನಾನು ಶಿವಸ್ವಾಮಿಯನ್ನು ಕರೆದುಕೊಂಡು ವಾಸು ಕೂರುವ ಅಂಗಡಿಗೆ ಹೋಗುತ್ತೇನೆ. ಬೆಂಚಿನ ಮೇಲೆ ಜನ ಇರುವ ಹೊತ್ತು ನೋಡಿಕೊಂಡೇ ಹೋಗುತ್ತೇನೆ. ಅವನು ಏನಂದರೂ ಕೇಳಿಸಿಕೊಂಡು ಬರುತ್ತೇನೆ. ಅವನ ಅಂಗಡಿ ಮತ್ತೆ ತೆರೆಯುವುದಿಲ್ಲ, ನೀವು ಲಾರಿಯಲ್ಲಿ ಬಂದ ದಾರಿಯೂ ಹಿಂದಕ್ಕೆ ಹೋಗುವುದಿಲ್ಲ. ಅದು ನನಗೆ ಗೊತ್ತು.

ಸವಿ, ಈ ಕಾಗದಕ್ಕೆ ಅಂಟು ಹಾಕಿಲ್ಲ. ಬಸ್ಸಲ್ಲೇ ಬಿಚ್ಚಿ ಇಷ್ಟು ಓದಿ ಮುಗಿಸಿರುತ್ತೀಯ. ಹರಿಯಬೇಡ ಕಣಮ್ಮಿ. ಅಜ್ಜಿಯ ಮುಂದೆ ಕೂತು ಮೊದಲನೇ ಸಾಲಿಂದ ಓದು. ಯಾವ ಸಾಲೂ ಬಿಡಬೇಡ, ನನ್ನ ಮೇಲಿನ ಅಕ್ಕರೆಗೂ ಬಿಡಬೇಡ. ಅವರಿಗೆ ಬಲಗಿವಿ ಮಂದ. ಜೋರಾಗಿ ಓದು.