ಮೊಟ್ಟೆ ಗಾಡಿಯ ಕೆಳಗೆ ಪಾನಾ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮನೆ ಮುಂದಿನ ಸಿಮೆಂಟು ಅಂಗಳದಲ್ಲಿ ಬಿಳಿ ಪಿಕಪ್ಪೊಂದು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಹಿಂಭಾಗ ಎತ್ತಿಕೊಂಡು ನಿಂತಿದೆ. ಕೆಳಗಿನಿಂದ ಎರಡು ಪಾದಗಳಷ್ಟೇ ಕಾಣುತ್ತಿವೆ. ಒಂದಕ್ಕೆ ಚಪ್ಪಲಿ ಇದೆ, ಇನ್ನೊಂದರದ್ದು ಎಲ್ಲೋ ಜಾರಿದೆ.

“ರೀ, ಹತ್ತೊಂಬತ್ತರ ಪಾನಾ ಎಲ್ಲಿ ಹೋಯ್ತು?” ಎಂಬ ದನಿ ಗಾಡಿಯಡಿಯಿಂದ ಬರುತ್ತದೆ. ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿರುವ ಗಂಡ, “ನಿನ್ನ ಕಿವಿ ಹತ್ರಾನೇ ಬಿದ್ದಿದೆ ನೋಡೇ” ಅನ್ನುತ್ತಾರೆ. ಅಲ್ಲೇ ಬಿದ್ದಿರುತ್ತದೆ.

ಕೈಯಲ್ಲಿ ಸದಾ ಪಾನಾ, ಅಂದರೆ ಸ್ಪ್ಯಾನರ್, ಇರುವ ಈಕೆಯನ್ನು ಬೀದಿಯವರೆಲ್ಲ ಪಾನಾ ಅಕ್ಕ ಎಂದೇ ಕರೆಯುತ್ತಾರೆ. ಗ್ಯಾರೇಜಿಲ್ಲ, ಬೋರ್ಡಿಲ್ಲ, ಗಿರಾಕಿಗಳೂ ಇಲ್ಲ. ಇರುವುದು ಗಂಡ ಓಡಿಸುವ ಇದೊಂದೇ ಗಾಡಿ. ಅದರ ಅಡಿಯಲ್ಲಿ ಏನು ಮುರಿದರೂ ಬದಲಾಯಿಸುವುದು ಈಕೆ, ಅದೂ ಮನೆಯಂಗಳದಲ್ಲೇ, ಗಂಡನ ಹಳೇ ಅಂಗಿ ತೊಟ್ಟು. ತೋಳಿನ ಗ್ರೀಸು ಹೋಗಲು ಎಷ್ಟು ಸೋಪು ಖರ್ಚಾಗಬೇಕು ಎಂಬ ಬಗ್ಗೆ ಅತ್ತೆಗೂ ಸೊಸೆಗೂ ವರ್ಷಗಳಿಂದ ತಕರಾರು ನಡೆದಿದೆ.

ಗಾಡಿ ಹೊರುವುದು ಮೊಟ್ಟೆ. ಕೋಳಿ ಫಾರಂನಿಂದ ಬೇಕರಿಗಳಿಗೆ, ಅಂಗಡಿಗಳಿಗೆ ದಿನಕ್ಕೆ ಆರೇಳು ಸಾವಿರ. ಬೇರೆ ಗಾಡಿಗಳ ಸ್ಪ್ರಿಂಗ್ ಕೈಕೊಟ್ಟರೆ ಡ್ರೈವರಿಗೆ ಮಾತ್ರ ಗೊತ್ತಾಗುತ್ತದೆ. ಇದರದ್ದು ಕೈಕೊಟ್ಟರೆ ಹಿಂದೆ ಬರುವ ಸ್ಕೂಟರಿನವರಿಗೂ ಗೊತ್ತಾಗುತ್ತದೆ. ರಸ್ತೆಯುದ್ದಕ್ಕೂ ಹಳದಿ ಸೋರುತ್ತದೆ.

ಈ ಸಲ ಮುರಿದದ್ದು ಹಿಂಬದಿಯ ಎಡಗಡೆ ಸ್ಪ್ರಿಂಗಿನ ಮೇಲಿನ ಬ್ಲೇಡು, ಒಂದರ ಕೆಳಗೊಂದು ಜೋಡಿಸಿದ ಅಷ್ಟೂ ಉಕ್ಕಿನ ಪಟ್ಟಿಗಳಿಗೆ ಯಜಮಾನ. ಗಂಡ ಬೆನ್ನಿನ ಆಪರೇಷನ್ ಮಾಡಿಸಿಕೊಂಡು ಮಲಗಿದ್ದಾಗ ಬದಲಿಗೆ ಬಂದ ಡ್ರೈವರ್, ಮೊಟ್ಟೆ ಇಳಿಸಿ ವಾಪಸ್ಸು ಬರುವಾಗ ಯಾರಿಗೂ ಹೇಳದೆ ಸಿಮೆಂಟು ಮೂಟೆ ಹೇರಿಕೊಂಡು ಬರುತ್ತಿದ್ದ. ಮನೆಯವರಿಗೆ ಗೊತ್ತಾದದ್ದು ಬ್ಲೇಡು ಎರಡು ತುಂಡಾದ ಮೇಲೆ. ಕೀಯನ್ನು ಕಿಟಕಿಯಲ್ಲಿಟ್ಟು ಹೋದವನು ಮತ್ತೆ ಈ ಕಡೆ ತಲೆ ಹಾಕಿಲ್ಲ.

ಇವತ್ತು ಗಂಡ ಮತ್ತೆ ಸ್ಟಿಯರಿಂಗ್ ಹಿಡಿಯುವ ಮೊದಲ ದಿನ. ಡಾಕ್ಟರು ಒಪ್ಪಿದ್ದಾರೆ, ಜತೆಗೆ ಒಂದು ಮಾತನ್ನೂ ಹೇಳಿದ್ದಾರೆ: ಗಾಡಿ ಎತ್ತಿ ಕುಕ್ಕಿದರೆ ಬೆನ್ನು ಮತ್ತೆ ಹೋಗುತ್ತದೆ, ಆಮೇಲೆ ಡ್ರೈವಿಂಗ್ ಆಸೆ ಬಿಡಬೇಕು. ಗಂಡ ತಲೆಯಾಡಿಸಿದರು. ಹೆಂಡತಿ ಮನೆಗೆ ಬಂದವರೇ ಹಳೇ ಅಂಗಿ ಹುಡುಕಿದರು.

“ಡ್ರೈವಿಂಗ್ ಇಲ್ಲ ಅಂದ್ರೆ ಈ ಮನುಷ್ಯ ಅಡುಗೆಮನೆಗೆ ಬರ್ತಾರೆ. ಹೋದ ತಿಂಗಳು ಡಬ್ಬ ಎಲ್ಲಾ ಎತ್ತರದ ಪ್ರಕಾರ ಜೋಡಿಸಿದ್ರು. ಉಪ್ಪು ಹುಡುಕೋದ್ರಲ್ಲಿ ಸಾಕುಬೇಕಾಯ್ತು ನಂಗೆ,” ಎಂದು ನಗುತ್ತಾರೆ. ಸ್ವಲ್ಪ ಹೊತ್ತಿಗೆ, “ಭಯ ಇದೆ,” ಎಂದೂ ಹೇಳುತ್ತಾರೆ.

ಕೆಲಸ ಕಲಿಸಿದ್ದು ಗಂಡನೇ. ಮೊದಲು ಗಾಡಿಯಡಿ ಮಲಗುತ್ತಿದ್ದವರು ಅವರು, ಪಾನಾ ಎತ್ತಿಕೊಡುತ್ತಿದ್ದವರು ಈಕೆ. ಕೆಲಸ ಮುಗಿಯುವ ಹೊತ್ತಿಗೆ ಅವರು ತಪ್ಪದೆ, “ಮೇಲೆ ಹತ್ತಿ ಅಲ್ಲಾಡದೆ ಕೂತ್ಕೋ” ಅನ್ನುತ್ತಿದ್ದರು. ಮದುವೆಯಾದ ಹೊಸತು. ಈಕೆ ಹತ್ತಿ ಕೂತು ಲೋಕದ ಸುದ್ದಿಯನ್ನೆಲ್ಲ ಹೇಳುತ್ತಿದ್ದರು. ಕೆಳಗಿನಿಂದ ಆಗಾಗ ಹೂಂಗುಟ್ಟುವುದು ಕೇಳುತ್ತಿತ್ತು.

ಆಮೇಲೆ ಬೆನ್ನುನೋವು ಶುರುವಾಗಿ ಗಂಡ ಕುರ್ಚಿಗೆ ಬಂದರು, ಹೆಂಡತಿ ಕೆಳಗೆ ಹೋದರು. ಮೊದಲ ಸಲ ಬ್ಲೇಡ್ ಸೆಟ್ಟು ಬದಲಾಯಿಸಿದಾಗ, ಚಕ್ರ ಇನ್ನೂ ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಸ್ಪ್ರಿಂಗಿನ ತುದಿಯ ಬೋಲ್ಟುಗಳನ್ನು ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಬಿಗಿದರು. ಕೆಲವೇ ವಾರಗಳಲ್ಲಿ ಬೋಲ್ಟಿನ ಸುತ್ತಲ ರಬ್ಬರ್ ಬುಷ್ ಹರಿದು ಚೂರಾಯಿತು. ಬೇರೆ ಹಾಕಿದರು, ಅದೂ ಹರಿಯಿತು. ಗಂಡ ಹೆಂಡತಿ ಇಬ್ಬರೂ ಸೇರಿ ಬುಷ್ ಮಾರಿದ ಅಂಗಡಿಯವನಿಗೆ ಶಾಪ ಹಾಕಿದರು.

“ಮತ್ತೂ ಒಂದ್ಸಲ ಹರಿದಾಗ ಇವ್ರು ಊಟ ಬಿಟ್ಟು ಎದ್ದು ನಿಂತ್ರು. ‘ಏ, ನೀನು ಮೇಲೆ ಕೂತಿರ್ತಿದ್ದೆ ಅಲ್ವೇನೇ!’ ಅಂದ್ರು. ಅಷ್ಟು ವರ್ಷ ನಾನು ತೂಕಕ್ಕೆ ಕೂತಿದ್ದೆ ಅಂತ ಅವತ್ತು ಗೊತ್ತಾಯ್ತು. ನಾನೋ, ಪ್ರೀತಿಗೆ ಕರೀತಾರೆ ಅಂದ್ಕೊಂಡಿದ್ದೆ,” ಎನ್ನುತ್ತಾರೆ ಪಾನಾ ಅಕ್ಕ. ಕುರ್ಚಿಯಲ್ಲಿರುವ ಗಂಡ ಪೇಪರಿನ ಹಾಳೆ ತಿರುಗಿಸುತ್ತಾರೆ.

ಗಾಡಿ ಭಾರ ಹೊತ್ತು ನಿಂತ ಮೇಲೇ ಆ ಬೋಲ್ಟುಗಳನ್ನು ಬಿಗಿಯಬೇಕು. ಮೊದಲೇ ಬಿಗಿದರೆ ಭಾರ ಬಿದ್ದಾಗ ಬುಷ್ ತಿರುಚಿಕೊಂಡು ಹರಿಯುತ್ತದೆ. ಎದುರುಮನೆಯ ಟೈಲರ್ ಇದನ್ನು ತಮ್ಮ ಲೆಕ್ಕದಲ್ಲಿ ಹೇಳುತ್ತಾರೆ: “ನಿಂತೋನ ಅಳತೆಗೆ ಬಿಗಿಯಾಗಿ ಪ್ಯಾಂಟ್ ಹೊಲಿದ್ರೆ ಕೂತಾಗ ಹರಿಯುತ್ತೆ. ಅಷ್ಟೇ ಕಥೆ.”

ಈಗ ಹೊಸ ಬ್ಲೇಡು ಕೂತಾಗಿದೆ. ಜಾಕಿ ಇಳಿಯುತ್ತದೆ, ಚಕ್ರ ನೆಲ ಮುಟ್ಟುತ್ತದೆ. ಪಾನಾ ಅಕ್ಕ ಕೈ ಒರೆಸಿಕೊಳ್ಳುತ್ತ ಬೀದಿಯ ಕಡೆ ನೋಡಿದರೆ ಸಾಕು, ಜನಕ್ಕೆ ಅಭ್ಯಾಸವಾಗಿದೆ. ಟೈಲರ್, ಅವರ ಹೆಂಡತಿ, ಪಕ್ಕದ ಮನೆಯ ಪೋಸ್ಟ್‌ಮ್ಯಾನ್, ಹಾಲು ತರಲು ಹೊರಟಿದ್ದ ಇಬ್ಬರು ಹಿಂದೆ ಹತ್ತಿ ಕೂರುತ್ತಾರೆ. ಅತ್ತೆಗೆ ಸ್ಟೂಲು ಬೇಕು.

“ಟೈಲರಣ್ಣ, ನೀವು ಕೂತ್ರೂ ಒಂದೇ, ಇಳಿದ್ರೂ ಒಂದೇ. ಅತ್ತೆ, ನೀವು ಎಡಗಡೆ ಬನ್ನಿ.”

“ದಪ್ಪ ಇದ್ದೀಯಾ ಅಂತ ನೇರವಾಗೇ ಹೇಳ್ಬಿಡಮ್ಮ,” ಎನ್ನುತ್ತ ಅತ್ತೆ ಎಡಕ್ಕೆ ಸರಿಯುತ್ತಾರೆ.

“ನಾನು?” ಎಂದು ಗಂಡ ಕೇಳುತ್ತಾರೆ.

“ನೀವು ನಿಮ್ಮ ಸೀಟಲ್ಲಿ.”

ಅವರು ಎರಡೂ ಕೈಯಲ್ಲಿ ಬಾಗಿಲು ಹಿಡಿದು ಒಂದು ಕಾಲಿಡುತ್ತಾರೆ, ಸುಧಾರಿಸಿಕೊಂಡು ಇನ್ನೊಂದನ್ನು ಎಳೆದುಕೊಳ್ಳುತ್ತಾರೆ. ಹಿಂದೆ ಕೂತವರೆಲ್ಲ ಆ ಹೊತ್ತಿಗೆ ಬೇರೆ ಕಡೆ ನೋಡುತ್ತಾರೆ. ಅಡಿಯಲ್ಲಿ ಪಾನಾ ತಿರುಗುತ್ತದೆ, ಬೋಲ್ಟು ಕಿರ್ರೆಂದು ಕೂರುತ್ತದೆ. ಜನ ಇಳಿಯುತ್ತಾರೆ, ಗಾಡಿ ಹೊರಡುತ್ತದೆ.

ಮಧ್ಯಾಹ್ನದವರೆಗೆ ಪಾನಾ ಅಕ್ಕ ಎಷ್ಟೋ ಸಲ ಫೋನ್ ಕೈಗೆತ್ತಿಕೊಳ್ಳುತ್ತಾರೆ, ಓಡಿಸೋರಿಗೆ ಫೋನ್ ಮಾಡಬಾರದು ಎಂದು ತಮಗೆ ತಾವೇ ಹೇಳಿಕೊಂಡು ಕೆಳಗಿಡುತ್ತಾರೆ. ಬೀದಿಯ ತಿರುವಿನಲ್ಲಿ ಗಾಡಿಯ ಸದ್ದು ಕೇಳಿದಾಗ ಮೊದಲು ಹೊರಗೆ ಬರುವುದು ಅತ್ತೆ.

“ಎಷ್ಟು ಒಡೀತೋ?”

“ನಾಲ್ಕೇ ನಾಲ್ಕಮ್ಮ!”

ಸೊಸೆಗೆ ಮೊಟ್ಟೆಯ ಸುದ್ದಿ ಕಿವಿಗೆ ಬಿದ್ದಂತಿಲ್ಲ. ಗಂಡ ಸೀಟಿನಿಂದ ಇಳಿಯುವುದನ್ನೇ ನೋಡುತ್ತ ನಿಂತಿದ್ದಾರೆ. ಒಂದು ಕೈ ಬಾಗಿಲ ಮೇಲೆ, ಇನ್ನೊಂದರಲ್ಲಿ ಖಾಲಿ ಟ್ರೇಗಳು. ಕಾಲೆರಡೂ ನೆಲಕ್ಕೆ ಬರುತ್ತವೆ. ಮುಖ ಕಿವುಚುವುದಿಲ್ಲ.

“ಬೆನ್ನು?”

“ಇದ್ದಲ್ಲೇ ಇದೆ.”

ಮೊದಲ ಟ್ರಿಪ್ಪಾದ ಮೇಲೆ, ಸ್ಪ್ರಿಂಗನ್ನು ಆಕ್ಸಲಿಗೆ ಕಟ್ಟಿಹಿಡಿಯುವ ನಡುವಿನ ಯು ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಮಾಡಿ ನೋಡುವುದು ಈಕೆಯ ಪದ್ಧತಿ. ಮಾತಿಗೆ ನಿಲ್ಲದೆ ಪಾನಾ ಹಿಡಿದು ಗಾಡಿಯಡಿ ನುಸುಳುತ್ತಾರೆ. ಸ್ವಲ್ಪ ಹೊತ್ತಿಗೆ ಗಾಡಿ ಒಂಚೂರು ಕುಗ್ಗುತ್ತದೆ. ಹಿಂಬಾಗಿಲು ಇಳಿಸಿ ಅದರ ಅಂಚಿನಲ್ಲಿ ಗಂಡ ಕೂತಿದ್ದಾರೆ.

“ರೀ, ಇಳೀರಿ. ಇದಕ್ಕೆ ತೂಕ ಬೇಕಾಗಿಲ್ಲ.”

“ಗೊತ್ತು ಕಣೇ. ತೂಕಕ್ಕೆ ಕೂತಿಲ್ಲ.”

ಪಾನಾದ ಸದ್ದು ನಿಲ್ಲುತ್ತದೆ. ಮತ್ತೆ ಶುರುವಾಗುವ ಮುಂಚೆ ಕೆಳಗಿನಿಂದ ದನಿ ಬರುತ್ತದೆ:

“ಹಾಗಾದ್ರೆ ಅಲ್ಲಾಡದೆ ಕೂತ್ಕೊಳ್ಳಿ.”