ಯೂಸುಫಸಾಬರು ಕಾಣದ ಸಮುದ್ರ

ಮಗಳ ಎದೆಯಿಂದ ಬರುವ ಸಣ್ಣ ಸೀಟಿಯಂಥ ಸದ್ದು ಸಾಜಿಯಾಳ ತಲೆಯಿಂದ ಹೋಗುತ್ತಲೇ ಇರಲಿಲ್ಲ. ಒಲೆಯ ಮುಂದೆ ನಿಂತರೂ ಅದೇ, ಬಟ್ಟೆ ಒಣಹಾಕಿದರೂ ಅದೇ. ಆರು ವರ್ಷದ ಬೇನಜೀರ ಟಿವಿ ನೋಡಿ ನಕ್ಕರೂ ಸಾಕು, ಓಡಿ ಬಂದು ಅವಳ ಬೆನ್ನಿಗೆ ಕಿವಿ ಹಚ್ಚುತ್ತಿದ್ದಳು. ಅಬ್ಬಾ ರಾಣೆಬೆನ್ನೂರಿನ ಈ ಮನೆಗೆ ಬರುವುದು ನಿಂತು ಎರಡು ತಿಂಗಳಾಗಿತ್ತು. ಸದ್ದು ಮಾತ್ರ ನಿಂತಿರಲಿಲ್ಲ, ಹೆಚ್ಚಾಗಿತ್ತು.

ಅಬ್ಬಾ ಎಂದರೆ ಸಾಜಿಯಾಳ ತಂದೆ, ಬ್ಯಾಡಗಿಯ ಯೂಸುಫಸಾಬರು. ಇಪ್ಪತ್ತೆಂಟು ವರ್ಷ ಲಾರಿಯಲ್ಲಿ ಮೆಣಸಿನಕಾಯಿ ಹೇರಿಕೊಂಡು ಮುಂಬಯಿ, ದಿಲ್ಲಿ, ಕೋಲ್ಕತ್ತ, ಚೆನ್ನೈ ತಿರುಗಿದವರು. ಮೊಣಕಾಲು ಸೋತ ಮೇಲೆ ಮಾರುಕಟ್ಟೆಯಲ್ಲಿ ಕುಳಿತು ಚೀಲದ ಬಾಯಿ ಹೊಲಿಯತೊಡಗಿದರು. ಹೊಲಿದ ಚೀಲದ ಮೇಲೆ ಅದು ಹೋಗಬೇಕಾದ ಊರಿನ ಹೆಸರು ಬರೆಯುವುದೂ ಅವರ ಕೆಲಸವೇ. ಮಗಳಾದರೂ ಈ ಘಾಟು ಕುಡಿಯದಿರಲೆಂದು ಸಾಜಿಯಾಳನ್ನು ಹುಬ್ಬಳ್ಳಿಯಲ್ಲಿ ತಂಗಿಯ ಮನೆಯಲ್ಲಿಟ್ಟು ಓದಿಸಿದ್ದರು.

ರವಿವಾರ ಬಂತೆಂದರೆ ಬಸ್ಸು ಹಿಡಿದು ಮೊಮ್ಮಗಳ ಹತ್ತಿರ ಬರುತ್ತಿದ್ದರು. ಅಂದು ಟಿವಿಯಲ್ಲಿ ಮೋಡಕರಡಿಯ ಕಾರ್ಟೂನು. ಬೆಳ್ಳಗಿನ ಕರಡಿಯೊಂದು ಮೋಡ ಏರಿ ವಾರಕ್ಕೊಂದು ದೊಡ್ಡ ಶಹರಕ್ಕೆ ಇಳಿದು ಅಲ್ಲಿಯ ರಾಕ್ಷಸನನ್ನು ಓಡಿಸುತ್ತಿತ್ತು. ಬೇನಜೀರಳ ಪಾಟಿಚೀಲ, ನೀರಿನ ಬಾಟಲಿ, ಚಪ್ಪಲಿ ಎಲ್ಲದರ ಮೇಲೂ ಅದೇ ಕರಡಿ. ಆ ಶಹರಗಳ ಹೆಸರು ಬರೆಸಿಯೇ ಯೂಸುಫಸಾಬರು ಅವಳಿಗೆ ಅಕ್ಷರ ಕಲಿಸಿದ್ದರು. ಕರಡಿ ಮುಂಬಯಿಯ ಸಮುದ್ರಕ್ಕೆ ಜಿಗಿದ ದಿನ, ನೀನೂ ಅಲ್ಲಿ ಆಡಿದ್ದೀಯಾ ಎಂದು ಅವಳು ಕೇಳಿದ್ದಳು.

"ಸಮುದ್ರ ಎಲ್ಲಿ ನೋಡ್ಲೆವ್ವ. ಮುಂಬೈ ಅಂದ್ರ ನನಗ ಗೋದಾಮಿನ ಬಾಗಲಷ್ಟ. ಚೀಲ ಇಳಸೂದು, ಉಣ್ಣೂದು, ತಿರುಗಿ ಬರೂದು."

"ಹಂಗಾರ ನಿನಗಿಂತ ಕರಡಿನ ಶಾಣ್ಯಾ ಐತಿ, ನಾನಾ."

ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು.

ಆಮೇಲೆ ಮಗುವಿಗೆ ದಮ್ಮು ಶುರುವಾಯಿತು. ಬ್ಯಾಡಗಿಯ ಕಡೆ ಯಾರು ಕೆಮ್ಮಿದರೂ ಮೊದಲ ದೂರು ಮೆಣಸಿನಕಾಯಿಯ ಮೇಲೆಯೇ. ಸಾಜಿಯಾಳೂ ಬೇರೆ ಯೋಚಿಸಲಿಲ್ಲ. ಅಬ್ಬಾ ಮಸೀದಿಯ ನಲ್ಲಿಯಲ್ಲಿ ಮೊಣಕೈತನಕ ತೊಳೆದುಕೊಂಡು, ಒಗೆದ ಅಂಗಿ ತೊಟ್ಟೇ ಬರುತ್ತಿದ್ದರು. ಆದರೂ ಒಂದು ರವಿವಾರ ಅವಳು ಹೊಸ್ತಿಲಲ್ಲೇ ತಡೆದಳು.

"ನೀವು ಬಂದು ಹೋದ ಮರುದಿನಾನ ಆಕಿಗೆ ದಮ್ಮು ಹತ್ತತೈತಿ ಅಬ್ಬಾ. ಇನ್ನ ಬರಬ್ಯಾಡ್ರಿ."

ಅವರು ತಮ್ಮ ಅಂಗೈಗಳನ್ನೊಮ್ಮೆ ನೋಡಿಕೊಂಡರು. ತಂದಿದ್ದ ಪೇರಲ ಹಣ್ಣಿನ ಚೀಲವನ್ನು ಗೇಟಿಗೆ ತೂಗುಹಾಕಿ, ಚಪ್ಪಲಿ ಕಳಚದೆಯೇ ತಿರುಗಿ ಹೋದರು. ಅಂದಿನಿಂದ ಬೇನಜೀರ ತನ್ನ ಮೋಡಕರಡಿಯ ಗೊಂಬೆಯನ್ನು ಅಪ್ಪಿಕೊಂಡೇ ಕಾರ್ಟೂನು ನೋಡುತ್ತಿದ್ದಳು, ಅದರ ಹೊಟ್ಟೆಯಲ್ಲಿ ಮುಖ ಹುದುಗಿಸಿಯೇ ಮಲಗುತ್ತಿದ್ದಳು.

ಇಂದು ಹಾವೇರಿಯ ಡಾಕ್ಟರರ ಮುಂದೆಯೂ ಆ ಗೊಂಬೆ ಅವಳ ತೊಡೆಯ ಮೇಲಿತ್ತು. ಸಾಜಿಯಾ ಮೆಣಸಿನಕಾಯಿ ಧೂಳಿನ ಕತೆಯನ್ನೆಲ್ಲ ಹೇಳಿದಳು. ಡಾಕ್ಟರರು ಗೊಂಬೆಯನ್ನು ಕೈಗೆತ್ತಿಕೊಂಡು ಮೆಲ್ಲಗೆ ತಟ್ಟಿದರು. ಕಿಟಕಿಯ ಬಿಸಿಲಿನಲ್ಲಿ ಧೂಳು ಎದ್ದು ನಿಂತಿತು.

"ಮೊದಲ ಇದನ್ನ ಮನಿ ಹೊರಗ ಇಡ್ರಿ. ನಿಮ್ಮ ತಂದಿ ವಾರಕ್ಕೊಮ್ಮೆ ಬರತಿದ್ರು. ಇದು ದಿನಾ ಆಕಿ ಮೂಗಿನ ಕೆಳಗ ಐತಿ."

ಮಗಳ ಹುಟ್ಟುಹಬ್ಬಕ್ಕೆಂದು ಅದನ್ನು ತರಿಸಿದವಳು ಸಾಜಿಯಾಳೇ. ಬಿಳುಪು ಹೋದೀತೆಂದು ಒಮ್ಮೆಯೂ ಒಗೆದಿರಲಿಲ್ಲ. ದಮ್ಮು ಶುರುವಾದದ್ದೂ ಆ ಹುಟ್ಟುಹಬ್ಬ ಆದ ಮೇಲೆಯೇ ಎಂಬುದು ಅವಳಿಗೆ ಈಗ ಹೊಳೆಯಿತು.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತಾಗ ಬೇನಜೀರ ಕೇಳಿದಳು: "ಮಮ್ಮಿ, ನಾನಾನ ಧೂಳು ಇನ್ನೂ ಹೋಗಿಲ್ಲೇನು?"

ಎರಡು ತಿಂಗಳಲ್ಲಿ ಸಾಜಿಯಾ ಎಷ್ಟು ಸಲ ಅಬ್ಬಾರ ಹೆಸರನ್ನು ಫೋನಿನಲ್ಲಿ ತೆಗೆದು, ಒತ್ತದೆ ಬಿಟ್ಟಿದ್ದಳೋ. ಈಗ ಒತ್ತಿದಳು. ಅಬ್ಬಾ ಎಂದಳು. ಆ ಕಡೆಯಿಂದ ಕೆಮ್ಮು ಕೇಳಿಸಿತು, ಫೋನನ್ನು ದೂರ ಹಿಡಿದು ಕೆಮ್ಮಿದಂತೆ. ಆಮೇಲೆ ಅವರ ದನಿ.

"ಸಾಜಿಯಾ? ತಡಿಯವ್ವ, ಇನ್ನೂ ಮಾರ್ಕೆಟ್ಟಿನ್ಯಾಗ ಅದೇನಿ. ಕೈ ತೊಳಕೊಂಡು ಮಾತಾಡ್ತೇನಿ."

ಅವಳು ಬೇಡವೆನ್ನುವ ಮೊದಲೇ ಫೋನಿನೊಳಗೆ ನಲ್ಲಿಯ ನೀರು ಸುರಿಯುವ ಸದ್ದು ಕೇಳತೊಡಗಿತು.