ಹಬ್ಬಕ್ಕೆ ಮನೆಗೆ ಬಂದ ಮುಚ್ಚಳ

ಅಮ್ಮನ ವರ್ಷಾಬ್ದಿಕ ಮುಗಿದ ವಾರ ಅವಳ ಪೂಜಾ ಸಾಮಾನಿನ ಟ್ರಂಕು ತೆಗೆದೆ. ಕರ್ಪೂರ, ಗಂಧ, ಹುಣಸೆಹಣ್ಣಿನಲ್ಲಿ ತಿಕ್ಕಿಟ್ಟ ಹಿತ್ತಾಳೆ… ಈ ವಾಸನೆಗಳ ಮಧ್ಯೆ ಇನ್ನೊಂದು ಬಂತು. ಹಳೇ ಎಂಜಿನ್ ಆಯಿಲಿನ ವಾಸನೆ. ತಳದಲ್ಲಿ ಕೆಂಪು ಅಂಚಿನ ಟವೆಲ್ಲಿನ ಗಂಟೊಂದಿತ್ತು. ಬಿಚ್ಚಿದೆ. ಒಳಗೆ ಬೋರಲು ಹಾಕಿದ ಚೊಂಬಿನಂಥ ಅಲ್ಯೂಮಿನಿಯಂ ಮುಚ್ಚಳ, ಅದರ ನೆತ್ತಿಯಲ್ಲಿ ಹಿತ್ತಾಳೆ ತಿರುಪು, ತಿರುಪಿನ ಸುತ್ತ ಒಣಗಿದ ಕುಂಕುಮ. ಹನ್ನೊಂದು ವರ್ಷದ ಹಿಂದೆ ಒಬ್ಬ ಮನುಷ್ಯನನ್ನು ನಾನು ನಡುಬೀದಿಯಲ್ಲಿ ಕಳ್ಳ ಎಂದು ಕರೆದದ್ದು ಇದೇ ಮುಚ್ಚಳಕ್ಕಾಗಿ.

ಅವರನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಹೊಳೆನರಸೀಪುರದಲ್ಲಿ ಹಾಸನದ ರಸ್ತೆಗೆ ಅವರ ಶೆಡ್ಡು. ಟ್ರ್ಯಾಕ್ಟರು, ಜೀಪು, ಅಂಬಾಸಿಡರು, ಏನು ತಂದು ನಿಲ್ಲಿಸಿದರೂ ಮೊದಲು ಬಾನೆಟ್ಟಿನ ಮೇಲೆ ಕೈಯಿಟ್ಟು ಒಂದು ನಿಮಿಷ ಸುಮ್ಮನೆ ನಿಲ್ಲುವರು. ನಮ್ಮ ಮನೆಯೂ ಅದೇ ಊರಲ್ಲಿ; ನಾನು ಆಗ ದಿನಾ ಹೋಗಿಬಂದು ಹಾಸನದ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳುತ್ತಿದ್ದೆ. ಸಂಬಳ ಲೆಕ್ಚರರದು, ಗತ್ತು ಮಾತ್ರ ಪ್ರಿನ್ಸಿಪಾಲರದು.

ರಾಮನಾಥಪುರದಲ್ಲಿ ಹೊಗೆಸೊಪ್ಪಿನ ವ್ಯಾಪಾರ ಮಾಡುತ್ತಿದ್ದ ನನ್ನ ಸೋದರಮಾವ, ಸಕಲೇಶಪುರದ ಕಡೆಯ ಎಸ್ಟೇಟಿನವರಿಂದ ಒಂದು ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು ಕೊಂಡಿದ್ದರು. ಎರಡೇ ಸೀಟು, ಮೇಲೆ ಚಾವಣಿ ಇಲ್ಲ, ಸೈಕಲ್ಲಿನ ಹಾಗೆ ಕಡ್ಡಿ ಕಡ್ಡಿಯ ಚಕ್ರ. ಅದು ಕೆಟ್ಟ ಮೇಲೆ ಸೊಪ್ಪು ಬೇಯಿಸುವ ಹಳೇ ಬ್ಯಾರನ್ನಿನಲ್ಲಿ ಹದಿನೆಂಟು ವರ್ಷ ಬಿದ್ದಿತ್ತು. ಮಾವ ಹೋದ ಮೇಲೆ ಅತ್ತೆ, “ಇದನ್ನ ತಗೊಂಡ್ಹೋಗೋ ಮಹರಾಯ, ಇಲಿ ಸಾಕೋಕೆ ನಂಗಾಗಲ್ಲ” ಎಂದರು. ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದೆವು. ಅರಕಲಗೂಡಿನಲ್ಲಿ ಟೀಗೆ ನಿಲ್ಲಿಸಿದಾಗ ಜನ ಮುತ್ತಿಕೊಂಡರು. ಒಬ್ಬ ಅಜ್ಜ ಕಾರನ್ನು ಒಂದು ಸುತ್ತು ಹಾಕಿ, “ಸಾ, ಮ್ಯಾಲಿನ್ ತಗಡು ದಾರೀಲೆಲ್ಲೋ ಬಿದ್ದೋಗೈತೆ ನೋಡ್ಕಳಿ” ಎಂದ. ಸ್ಟಿಯರಿಂಗ್ ಹಿಡಿದು ಕೂತಿದ್ದ ಮೇಸ್ತ್ರಿ ನಕ್ಕು ನಕ್ಕು ಕೆಮ್ಮಿದರು.

ಆ ಕಾರಿನ ಮುಂದೆ ಅವರು ನಡೆದುಕೊಂಡದ್ದನ್ನು ಈಗ ನೆನೆದರೆ ಕಣ್ಣು ತುಂಬುತ್ತದೆ. ತುಕ್ಕಿಗೆ ಬಿಗಿದು ಹಿಡಿದುಕೊಂಡಿದ್ದ ಎಂಜಿನ್ನನ್ನು ಅವರು ಬಲವಂತ ಮಾಡಲಿಲ್ಲ. ಸೀಮೆಎಣ್ಣೆಗೆ ಹರಳೆಣ್ಣೆ ಬೆರೆಸಿ ಸಿಲಿಂಡರಿಗೆ ಬಿಟ್ಟು ಎಂಟು ದಿನ ಕಾದರು. ದಿನಾ ಬೆಳಿಗ್ಗೆ ಬಂದು ಒಂದು ಬೆರಳಿನಷ್ಟು ಅಲುಗಾಡಿಸಿ ನೋಡುವುದು, ಮತ್ತೆ ಬಿಡುವುದು. ಒಂಬತ್ತನೆಯ ದಿನ ಅದು ತಿರುಗಿದಾಗ ನಾನು ಕೂಗಿಬಿಟ್ಟೆ. ಬಿಚ್ಚಿದ ಪ್ರತಿ ಸಾಮಾನೂ ಗೋಣಿತಾಟಿನ ಮೇಲೆ ಸಾಲಾಗಿ ಕೂರಬೇಕು, ಯಾವುದು ಎಲ್ಲಿಯದು ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಚಿತ್ರವಿರಬೇಕು. ನಾನೊಮ್ಮೆ ಒಂದು ನಟ್ಟನ್ನು ಎತ್ತಿ ನೋಡಿ ಬೇರೆ ಕಡೆ ಇಟ್ಟದ್ದಕ್ಕೆ ಅರ್ಧ ದಿನ ಮಾತು ಬಿಟ್ಟಿದ್ದರು.

ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರು ಆ ಎಂಜಿನ್ನಿಗೆ ಎರಡು. ಎರಡಕ್ಕೂ ಮೇಲೊಂದು ಮುಚ್ಚಳ, ಒಳಗೆ ಜಾರುವ ಒಂದು ಪಿಸ್ಟನ್. ಮುಚ್ಚಳದೊಳಕ್ಕೆ ಪಿಸ್ಟನ್ ಒತ್ತಿ, ತೂತುಗಳನ್ನು ಬೆರಳಲ್ಲಿ ಮುಚ್ಚಿ, ಪಿಸ್ಟನ್ನಿನಿಂದ ಕೈ ತೆಗೆದರೆ ಅದು ಧಡಕ್ಕನೆ ಬೀಳಬಾರದು, ನಿಧಾನವಾಗಿ ಇಳಿಯಬೇಕು. “ಎಣಿಸಿ ಸಾ. ಆರ್‍ಕೆ ಇಳೀತು ಅಂದ್ರೆ ಈ ಮುಚ್ಚಳ ಪಿಸ್ಟನ್ ಎರ್ಡೂ ಉಟ್ಟಾ ಜೋಡಿ. ಒಂದುನ್ ಪಿಸ್ಟನ್ ಇನ್ನೊಂದುಕ್ ಆಗಾಕಿಲ್ಲ.” ಫಿಸಿಕ್ಸ್ ಮೇಷ್ಟ್ರಾದ ನನಗೆ ಗಾಳಿಯ ಒತ್ತಡ ಇಷ್ಟು ಚೆನ್ನಾಗಿ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ವರ್ಷದ ದಸರಾ ರಜೆಯಲ್ಲಿ ನಾನು ಕಾಲೇಜಿನವರನ್ನು ಟೂರಿಗೆ ಕರೆದುಕೊಂಡು ಹೋಗಿದ್ದೆ. ಬಂದ ವಾರವೇ, ಮೈಸೂರಿನಿಂದ ಹಳೇ ಕಾರುಗಳ ಹುಚ್ಚಿನವರೊಬ್ಬರು ನಮ್ಮ ಕಾರು ನೋಡಲು ಬಂದರು. ಅವರ ಮುಂದೆ ಮೆರೆಯಬೇಕೆಂಬ ಚಪಲ ನನಗೆ. ಅವರು ಗೋಣಿತಾಟಿನ ಸಾಲನ್ನು ನೋಡುತ್ತಾ ಬಂದು ಒಂದು ಕಡೆ ನಿಂತರು. “ಪಿಸ್ಟನ್ ಎರಡಿದೆ, ಮುಚ್ಚಳ ಒಂದೇ ಇದೆಯಲ್ಲ? ಇದು ಎಲ್ಲೂ ಸಿಗಲ್ಲ ರೀ. ಇಂಥವನ್ನ ಮಾರ್ಕೊಳ್ಳೋರು ಬೇಕಾದಷ್ಟು ಜನ ಇದಾರೆ, ಹುಷಾರು.”

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ಬಂದರು. “ಅದು ನಿಮ್ಮನೇಲೇ ಐತೆ ಸಾ. ಮಾರ್ನಮಿ ಅಬ್ಬಕ್ಕೆ ಗಾಡಿ ನಿಮ್ಮನೆ ಬಾಗ್ಲಿಗೆ ಬರ್ಬೇಕಿತ್ತು. ಬಿಚ್ಚಾಕಿದ್ನಲ್ಲ, ಅದ್ರ್ ಬದ್ಲು ಮುಚ್ಚಳ ತೊಳ್ದು ಅಮ್ಮೋರ್ ಕೈಗ್ ಕೊಟ್ಟಿವ್ನಿ, ಪೂಜೆಗೆ. ಇಸ್ಕಳಕ್ ಓದೆ, ಅಮ್ಮೋರು ಊರಲ್ಲಿರ್ನಿಲ್ಲ.”

ಅಮ್ಮ ಹಬ್ಬ ಮುಗಿದ ಮಾರನೆಯ ದಿನ ಹಳ್ಳಿಮೈಸೂರಿನ ಚಿಕ್ಕಮ್ಮನ ಮನೆಗೆ ಹೋಗಿದ್ದು ನಿಜವೇ. ಆದರೆ ಮೈಸೂರಿನವರು ಕಿಸಕ್ಕನೆ ನಕ್ಕುಬಿಟ್ಟರು. ಕಾರ್ಬುರೇಟರಿಗೆ ಮಂಗಳಾರತಿ! ಆ ನಗು ನನಗೆ ತಡೆಯಲಾಗಲಿಲ್ಲ. ಅದುವರೆಗೆ ಅವರಿಗೆ ಬನ್ನಿ ಹೋಗಿ ಎನ್ನುತ್ತಿದ್ದವನು ಏಕವಚನಕ್ಕೆ ಇಳಿದೆ. “ನಿನ್ನ ಕಳ್ಳತನಾನ ನಮ್ಮಮ್ಮನ ತಲೆಗೆ ಕಟ್ತೀಯೇನೋ?”

ರಸ್ತೆಯಾಚೆಯ ಟೀ ಅಂಗಡಿಯ ಜನ ಎದ್ದು ನಿಂತರು. ಮೇಸ್ತ್ರಿ ನನ್ನ ಮುಖವನ್ನೇ ನೋಡಿದರು. “ಒಂದ್ ಮಾತು ಮನೇಲಿ ಕೇಳಿ ಸಾ,” ಅಂದರು ಅಷ್ಟೆ.

ಮಾರನೆಯ ದಿನ ಲಾರಿ ತಂದೆ. ಅವರೇ ಒಂದೊಂದು ಡಬ್ಬಕ್ಕೂ ಚೀಟಿ ಅಂಟಿಸಿ ಹತ್ತಿಸಿದರು. ಕೊನೆಗೆ ಒಂಟಿ ಪಿಸ್ಟನ್ನನ್ನು ಎಣ್ಣೆ ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟು, “ಜ್ವಾಪಾನ ಸಾ, ಮುಚ್ಚಳ ಸಿಕ್ದಾಗ ಬೇಕಾಗ್ತದೆ” ಎಂದರು. ನಾನು ಅದನ್ನು ಅವರ ಕಣ್ಣೆದುರೇ ಗುಜರಿ ರಾಶಿಗೆ ಎಸೆದೆ. ಥೂ, ಎಂಥ ಮನುಷ್ಯ ನಾನು!

ಅಮ್ಮ ಬಂದ ಮೇಲೆ ಕೇಳಿದೆನೇ? ಇಲ್ಲ. ದೇವರಮನೆಗೆ ಹೋಗಿ ಕಪಾಟಿನ ಮೇಲೆ ಕೆಳಗೆ ಒಂದು ಸಲ ಕಣ್ಣಾಡಿಸಿ, ನೋಡಿಯಾಯಿತು, ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ಸಂಜೆ ಹೂ ಕಟ್ಟುತ್ತಾ ಅಮ್ಮನೇ ಮಾತು ತೆಗೆದಳು. “ಆ ಮೇಸ್ತ್ರಿ ಯಾಕೋ ಈ ಕಡೆ ಬರಲೇ ಇಲ್ಲ ನೋಡು. ಅವರದೊಂದು…” ನಾನು ಅಷ್ಟಕ್ಕೇ ತಡೆದೆ. “ಅವನ ಹೆಸರು ಈ ಮನೇಲಿ ಎತ್ತಬೇಡ.” ಅಮ್ಮ ಮತ್ತೆ ಹೂವಿಗೆ ಗಂಟು ಹಾಕತೊಡಗಿದಳು. ಅವಳ ಬಾಯಿಗೆ ಬಂದಿದ್ದ ಮಾತು ಏನೆಂದು ನನಗೆ ಆಗಲೇ ಅರ್ಧ ಗೊತ್ತಿತ್ತು. ಪೂರ್ತಿ ಕೇಳಿದ್ದರೆ ಶೆಡ್ಡಿಗೆ ಹೋಗಿ ಅದೇ ಟೀ ಅಂಗಡಿಯವರ ಮುಂದೆ ತಲೆ ಬಗ್ಗಿಸಬೇಕಿತ್ತು.

ಮೈಸೂರಿನಲ್ಲಿ ಬೇರೆ ಕಾರ್ಬುರೇಟರು ಹಾಕಿಸಿದೆ. ಕಾರು ಓಡಿತು, ಆದರೆ ಹಾಸನದ ಏರುಗಳಲ್ಲಿ ತಿಣುಕುತ್ತಿತ್ತು. ಐದಾರು ವರ್ಷಕ್ಕೆ ಬೇಸರವಾಗಿ ಮಾರಿದೆ. ಅಷ್ಟರಲ್ಲಿ ಶೆಡ್ಡೂ ಮುಚ್ಚಿತ್ತು. ಯಾಕೆ ಎಂದು ನಾನು ಯಾರನ್ನೂ ಕೇಳಲಿಲ್ಲ.

ಟ್ರಂಕಿನಲ್ಲಿ ಮುಚ್ಚಳ ಸಿಕ್ಕ ಮಾರನೆಯ ದಿನ ಆ ಟೀ ಅಂಗಡಿಗೆ ಹೋದೆ. ಮೇಸ್ತ್ರಿ ಚನ್ನರಾಯಪಟ್ಟಣದಲ್ಲಿ ಮಗಳ ಮನೆಯಲ್ಲಿದ್ದಾರೆಂದು ಗೊತ್ತಾಯಿತು. ಟವೆಲ್ಲಿನ ಗಂಟನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿಕೊಂಡೆ. ಮನೆಯೊಳಗೆ ಕಾಲಿಟ್ಟರೆ ಎದುರಿಗೇ ಅವರ ಫೋಟೋ, ಅದಕ್ಕೆ ಹಾರ. ಹೋಗಿ ಎಂಟು ತಿಂಗಳಾಗಿತ್ತಂತೆ.

ನಾನು ಯಾರೆಂದು ಹೇಳಿದೆ. ಮಗಳು ಬೈಯಲಿಲ್ಲ, ಚಾಪೆ ಹಾಸಿದಳು. “ಅಪ್ಪ ಆಮ್ಯಾಕೆ ಯಾರ್ ಗಾಡೀನೂ ಬಿಚ್ಚಿಲ್ಲ ಸಾ. ಪಂಚರ್ ಮಾತ್ರ ಆಕೋರು. ಗಾಡಿಯೋರು ಮುಂದ್ಗಡೆ ನಿಂತಿರ್ತಾರೆ, ಏನೂ ನಮ್ತಾವ ಬುಟ್ಟೋಗಲ್ಲ ಅನ್ನೋರು.”

“ನಮ್ಮಮ್ಮನ್ನ ಅವರೇ ಬಂದು ಕೇಳಬಹುದಿತ್ತಲ್ಲಮ್ಮ…”

“ನಾನೂ ಅಂದೆ ಸಾ. ಅದ್ಕೆ ಅಪ್ಪ, ಆ ತಾಯಿ ಅಬ್ಬದಿನ ನಂಗೆ ಎಲೆ ಆಕಿ ಒಬ್ಬಟ್ಟು ಬಡ್ಸವ್ರೆ, ಮಗ ಇಂಗಂದ ಅಂತ ಅವ್ರ್ ಮುಂದೆ ಎಂಗೇಳ್ಲಿ, ನೊಂದ್ಕತಾರೆ ಅಂದ್ರು. ಓಗ್ನೇ ಇಲ್ಲ.”

ಒಳಗೆ ಹೋಗಿ ಒಂದು ಎಣ್ಣೆ ಕಾಗದದ ಪೊಟ್ಟಣ ತಂದಳು. ಗುಜರಿಗೆ ಎಸೆದ ಪಿಸ್ಟನ್. ಒಂದು ಚುಕ್ಕೆ ತುಕ್ಕಿರಲಿಲ್ಲ. ನಾನು ಚೀಲದಿಂದ ಮುಚ್ಚಳ ತೆಗೆದೆ. ಅವಳು ಕುಂಕುಮವನ್ನು ನೋಡಿದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪಿಸ್ಟನ್ನನ್ನು ಒಳಗೊತ್ತಿ, ತೂತುಗಳಿಗೆ ಬೆರಳಿಟ್ಟು, ಕೈ ಬಿಟ್ಟೆ. ಅವಳೇ ಮೆಲ್ಲಗೆ ಎಣಿಸಿದಳು. ಆರಕ್ಕೆ ಇಳಿಯಿತು.

“ತಪ್ಪಾಯ್ತಮ್ಮ,” ಎಂದೆ.

“ಅಪ್ಪಂಗೇಳ್ಬೇಕಿತ್ತು ಸಾ,” ಎಂದಳು.

ಈಗ ಎರಡೂ ನನ್ನ ಮೇಜಿನ ಮೇಲಿವೆ. ಹಾಕೋಣವೆಂದರೆ ಕಾರಿಲ್ಲ, ಹೇಳೋಣವೆಂದರೆ ಅಮ್ಮನಿಲ್ಲ, ಮೇಸ್ತ್ರಿಯಿಲ್ಲ. ಕೆಲವು ದಿನ ಪಿಸ್ಟನ್ನನ್ನು ಒಳಗಿಟ್ಟು ಕೈ ಬಿಡುತ್ತೇನೆ, ಒಂದರಿಂದ ಆರರವರೆಗೆ ಎಣಿಸುತ್ತೇನೆ. ಅಂದು ಹೂ ಕಟ್ಟುತ್ತಿದ್ದ ಅಮ್ಮನಿಗೆ ತನ್ನ ಮಾತು ಮುಗಿಸಲು ಇಷ್ಟು ಹೊತ್ತೂ ಬೇಕಾಗುತ್ತಿರಲಿಲ್ಲ.